ಆಚೆ ದಡದಲ್ಲಿ ಮಾತ್ರ ಕೇಳಿಸುವ ನನ್ನ ದನಿ

ತರಂಗಾಂತರ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಹೆಂಡತಿಗೆ ನನ್ನ ಷಡ್ಡಕನ ಮಾತು ಕೇಳಿಸುತ್ತದೆ, ನನ್ನ ಮಾತು ಕೇಳಿಸುವುದಿಲ್ಲ. ಇದಕ್ಕೆ ಹೊಣೆ ನೀವು. ಸುತ್ತಿ ಬಳಸಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬೀಗ ರಿಪೇರಿಗೆ ಕೂತವನು ನಾನು. ನನಗೆ ಹೊಟ್ಟೆಕಿಚ್ಚು ಎಂದು ನಿಮ್ಮ ಕಚೇರಿಯಲ್ಲಿ ನಗಬಹುದು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಉಳಿಸಿಕೊಳ್ಳುವ ವಯಸ್ಸು ದಾಟಿದೆ.

ನನ್ನಾಕೆ ಹರೆಯದಲ್ಲಿ ನೇಯ್ಗೆ ಕಾರ್ಖಾನೆಯಲ್ಲಿ ದುಡಿದವಳು. ಮಗ್ಗಗಳ ಸದ್ದು ಅವಳ ಕಿವಿಯನ್ನು ಇಷ್ಟಿಷ್ಟೇ ತಿಂದುಹಾಕಿತು. ಕಿವಿಗೆ ಯಂತ್ರ ಹಾಕಿಸಿದ್ದೇವೆ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ನಿಜ. ಆದರೆ ಎಲ್ಲ ಸದ್ದನ್ನೂ. ಫ್ಯಾನು, ನಲ್ಲಿ, ಬೀದಿಯ ಲಾರಿ, ನಾನು ಅರದಿಂದ ಉಜ್ಜುವ ಬೀಗದ ಕೈ, ನನ್ನ ಮಾತು, ಎಲ್ಲವೂ ಅವಳಿಗೆ ಒಂದೇ ಕಲಸುಮೇಲೋಗರ. ಹಾಗಾಗಿ ನಾನು ಕಿರುಚುತ್ತೇನೆ. ಒಮ್ಮೆ ಎದುರುಮನೆಯ ದರ್ಜಿ ಕತ್ತರಿ ಕೈಯಲ್ಲಿ ಹಿಡಿದೇ ಜಗಳ ಬಿಡಿಸಲು ಓಡಿಬಂದ. ನಾನು ಕೇಳುತ್ತಿದ್ದದ್ದು ಕನ್ನಡಕ ಎಲ್ಲಿಟ್ಟೆ ಅಂತ.

ನಮ್ಮೂರಿನ ಸೇತುವೆ ದಾಟಿದರೆ ಬೇರೆ ದೇಶ. ಅಲ್ಲಿ ಅವಳ ತಂಗಿಯ ಮನೆ. ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಟೈಲ್ಸ್ ಹಾಕುವವನು. ಮಾತು ಹೆಚ್ಚು, ಸರಕು ಕಮ್ಮಿ. ಅವನ ಮನೆಯಲ್ಲಿ ನನ್ನಾಕೆಗೆಂದೇ ತಂದಿಟ್ಟ, ಅಂಗಿಯ ಗುಂಡಿಯಷ್ಟಗಲದ ಒಂದು ಮೈಕಿದೆ. ಮಾತಾಡುವವನು ಅದನ್ನು ಅಂಗಿಗೆ ಸಿಕ್ಕಿಸಿಕೊಂಡರೆ ಸಾಕು, ಅವನ ದನಿ ರೇಡಿಯೋ ಅಲೆಯೇರಿ ನೇರವಾಗಿ ನನ್ನಾಕೆಯ ಕಿವಿಯ ಯಂತ್ರಕ್ಕೆ ಇಳಿಯುತ್ತದೆ. ಫ್ಯಾನಿಲ್ಲ, ಲಾರಿಯಿಲ್ಲ, ದನಿಯೊಂದೇ. ಆ ದೇಶದವರು ಒಂದು ತರಂಗಾಂತರವನ್ನು ಕಿವಿ ಕೇಳದವರಿಗೆಂದೇ ಬಿಟ್ಟುಕೊಟ್ಟಿದ್ದಾರೆ. ಮೈಕು ತಂದ ಮೇಲೆ ಮೊದಲ ಸಲ ಅಲ್ಲಿಗೆ ಹೋಗಿ ಬಂದ ನನ್ನಾಕೆ ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು. "ಏನ್ ತಮಾಷೆಯಾಗಿ ಮಾತಾಡ್ತಾರ್ರೀ ಅವರು! ಒಬ್ಬ ಕಳ್ಳ ತನ್ನ ಮನೆ ಬೀಗಾನೇ ತೆಗೆಯೋಕಾಗದೆ ಬೀಗ ರಿಪೇರಿಯವನನ್ನ ಕರೆಸಿದ್ನಂತೆ!"

ಮಾನ್ಯರೇ, ಆ ರಿಪೇರಿಯವನು ನಾನು! ಆ ಕಥೆ ನನ್ನದು! ಎಷ್ಟು ಸಲ ಅವಳಿಗೆ ಕಿರುಚಿ ಕಿರುಚಿ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ ತಲೆಯಾಡಿಸಿ, "ಹೂಂ, ಆಮೇಲೆ ತರ್ತೀನಿ ಬಿಡಿ" ಎಂದಿದ್ದಾಳೆ. ಕದ್ದ ಕಥೆಗೆ ಅಲ್ಲಿ ನಗು, ಸ್ವಂತ ಕಥೆಗೆ ಇಲ್ಲಿ "ಹೂಂ". ಹೊಟ್ಟೆ ಉರಿಯದೆ ತಂಪಾಗುತ್ತದೆಯೇ?

ತಂಗಿ ಅಂಥದ್ದೇ ಒಂದು ಮೈಕನ್ನು ಅಕ್ಕನಿಗೆಂದು ಕೊಟ್ಟು ಕಳಿಸಿದಳು. ಅವಳನ್ನು ಕರೆತರಲು ನಾನು ಸೇತುವೆಯ ಈಚೆ ತುದಿಗೆ ಹೋಗಿದ್ದೆ. ಅಲ್ಲಿ ತಪಾಸಣೆಯವನು ಚೀಲ ಜಾಲಾಡಿ ಅದನ್ನು ಎತ್ತಿ ಹಿಡಿದ.

"ಇದರಲ್ಲಿ ರೇಡಿಯೋ ಇದೆ. ನಮ್ಮಲ್ಲಿ ಇದಕ್ಕೆ ಅನುಮತಿ ಇಲ್ಲ ಯಜಮಾನ್ರೇ."

"ಆ ತುದೀಲಿ ಇದೆಯಲ್ಲಪ್ಪಾ?"

"ಹಾಗಾದ್ರೆ ಆ ತುದಿಗೇ ಹೋಗಿ ಮಾತಾಡಿ."

"ಏನಂತ್ರೀ ಅವರು?" ಎಂದು ನನ್ನಾಕೆ ನನ್ನ ಮುಖ ನೋಡಿದಳು. ಅದನ್ನೂ ಕಿರುಚಿಯೇ ಹೇಳಬೇಕಾಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೈಕು ತಪಾಸಣೆಯವನ ಕಪಾಟು ಸೇರಿತು. ಅವಳು ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದಳು.

ನಿಮ್ಮ ಕಚೇರಿಗೂ ಬಂದೆ. ತಮ್ಮ ದರ್ಶನ ಭಾಗ್ಯ ಸಿಗಲಿಲ್ಲ. ಗುಮಾಸ್ತರು ಹೇಳಿದ್ದು ಇಷ್ಟು: ಆ ತರಂಗಾಂತರ ನಮ್ಮ ದೇಶದಲ್ಲಿ ಟ್ಯಾಕ್ಸಿಗಳಿಗೆ ಹಂಚಿಕೆಯಾಗಿದೆ, ನಮ್ಮ ಮಾನದಂಡಕ್ಕೆ ಒಗ್ಗುವ ಮೈಕು ಕೊಂಡುಕೊಳ್ಳಿ. ಕಿವಿಯಂತ್ರದ ಅಂಗಡಿಯವ ನಕ್ಕುಬಿಟ್ಟ. "ನಮ್ಮೊಂದು ದೇಶಕ್ಕೆ ಅಂತ ಯಾರು ಬೇರೆ ಮಾಡ್ತಾರೆ ಸಾರ್?" ಸರಿ, ಟ್ಯಾಕ್ಸಿ ನಿಲ್ದಾಣಕ್ಕೆ ಹೋಗಿ ನಿಮ್ಮ ರೇಡಿಯೋ ಎಲ್ಲಪ್ಪಾ ಎಂದು ಕೇಳಿದೆ. ಡ್ರೈವರ್ ಕಣ್ಣು ಬಿಟ್ಟ. "ಆ ಡಬ್ಬಾನಾ? ಈಗೆಲ್ಲ ಫೋನಲ್ಲೇ ಅಲ್ವಾ ತಾತಾ. ಅದರ ಮೇಲೆ ಟೀ ಲೋಟ ಇಡ್ತೀವಿ." ನೋಡಿದೆ. ಲೋಟದ ಉಂಗುರದ ಗುರುತುಗಳು ಒಂದರ ಮೇಲೊಂದು ಕೂತಿದ್ದವು. ಆ ಲೋಟದ ಹಿತ ಕಾಯುವುದಕ್ಕಾಗಿ ನನ್ನ ಹೆಂಡತಿ ಕಿವುಡಿಯಾಗಿರಬೇಕೇ? ತಾನೂ ತಿನ್ನ, ಪರರಿಗೂ ಬಿಡ ಎಂಬ ಗಾದೆಯನ್ನು ತಾವು ಇಲಾಖೆಯ ಧ್ಯೇಯವಾಕ್ಯ ಮಾಡಿಕೊಂಡಿದ್ದೀರೋ?

ನಿಯಮವೇ ಬೇಡ ಎನ್ನುವ ಮೂರ್ಖ ನಾನಲ್ಲ. ಬೀಗಗಳು ಬೇರೆ ಬೇರೆ ಇರುವುದರಿಂದಲೇ ನನ್ನ ಹೊಟ್ಟೆಪಾಡು. ಎಲ್ಲರೂ ಎಲ್ಲ ಅಲೆಯನ್ನೂ ಏರಿದರೆ ಆಂಬುಲೆನ್ಸಿನ ಮಾತು ವಿಮಾನಕ್ಕೆ ಬಿದ್ದೀತು, ಒಪ್ಪಿದೆ. ಆದರೆ ಬೀಗ ಹಾಕುವುದು ಒಳಗೆ ಏನಾದರೂ ಇದ್ದಾಗ. ಖಾಲಿ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರನ್ನು ನಾನು ಈ ಕಸುಬಿನಲ್ಲಿ ಇಷ್ಟು ವರ್ಷಕ್ಕೂ ಕಂಡಿಲ್ಲ, ನಿಮ್ಮನ್ನು ಕಂಡೆ. ಅವರ ಪ್ಲಗ್ಗಿಗೆ ಎರಡು ಕಾಲು, ನಮ್ಮದಕ್ಕೆ ಮೂರು. ಅದಕ್ಕೆ ಅಡಾಪ್ಟರ್ ಸಿಗುತ್ತದೆ. ಗಾಳಿಗೆ ಯಾವ ಅಡಾಪ್ಟರ್ ತರಲಿ? ಆಚೆ ದಡದ ಸಾಬೂನಿನ ಜಾಹೀರಾತು ದಿನವಿಡೀ ನನ್ನ ಅಂಗಡಿಯ ರೇಡಿಯೋದಲ್ಲಿ ಬಡಿದುಕೊಳ್ಳುತ್ತದೆ. ಅದನ್ನು ನಿಮ್ಮ ತಪಾಸಣೆಯವನು ಸೇತುವೆಯ ಮೇಲೆ ಹಿಡಿದು ನಿಲ್ಲಿಸಿದನೇ?

ಹೋದ ತಿಂಗಳು ನಾನೂ ಅವಳ ಜೊತೆ ಷಡ್ಡಕನ ಮನೆಗೆ ಹೋದೆ. ಅವನು ತನ್ನ ಅಂಗಿಯಿಂದ ಮೈಕು ಬಿಚ್ಚಿ ನನ್ನ ಅಂಗಿಗೆ ಸಿಕ್ಕಿಸಿದ, ದಾನ ಕೊಡುವವನ ಹಾಗೆ. "ತಗೊಳ್ಳಿ ಅಣ್ಣಾ, ನೀವೂ ಒಂದ್ಸಲ ಮಾತಾಡಿ." ಹಳೆಯ ಅಭ್ಯಾಸ, ಕಿರುಚಿಯೇ ಬಿಟ್ಟೆ. ನನ್ನಾಕೆ ಎರಡೂ ಕೈಯಿಂದ ಕಿವಿ ಹಿಡಿದುಕೊಂಡಳು. "ಅಯ್ಯೋ, ಕಿವಿ ಹರಿದುಹೋಯ್ತಲ್ರೀ!" ಷಡ್ಡಕ ಬಿದ್ದು ಬಿದ್ದು ನಕ್ಕ. ನಾನು ಧುಮುಗುಟ್ಟುತ್ತಾ ಹಿತ್ತಲಿಗೆ ಹೋದೆ. ಮೈಕು ಅಂಗಿಯಲ್ಲೇ ಇತ್ತು, ಸಿಟ್ಟಿನಲ್ಲಿ ಮರೆತಿದ್ದೆ.

ಹಿತ್ತಲಿನಲ್ಲಿ ಒಡೆದ ಟೈಲ್ಸುಗಳ ರಾಶಿಯ ಮೇಲೆ ಕೂತು ಒಬ್ಬನೇ ಗೊಣಗಿದೆ. "ಬಡಾಯಿ ನನ್ಮಗ. ನನ್ ಕಥೆ ಹೇಳಿ ನನ್ ಹೆಂಡ್ತೀನ ನಗಿಸ್ತಾನೆ. ಅವಳು ನನ್ ಮಾತಿಗೆ ನಕ್ಕು ಎಷ್ಟು ಕಾಲ ಆಯ್ತೋ."

ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ನನ್ನಾಕೆ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

"ಕಳ್ಳನ ಕಥೆ ನಿಮ್ಮದಾ?"

"ನಂದೇ ಕಣೇ."

"ಹೇಳಿ ಮತ್ತೆ. ಹೀಗೇ, ಮೆಲ್ಲಗೆ."

ಹೇಳಿದೆ. ಬಾಗಿಲು ತೆಗೆದ ಮೇಲೆ ಕಳ್ಳ ನನ್ನ ಕೈಹಿಡಿದು, "ನಿಮ್ಮಂಥವರು ನಮ್ಮ ಕಡೆ ಇರಬೇಕಿತ್ತು" ಎಂದು ಕಣ್ಣೀರು ಹಾಕಿದ ಭಾಗವನ್ನು ಷಡ್ಡಕ ಹಾರಿಸಿಬಿಟ್ಟಿದ್ದನಂತೆ. ನನ್ನಾಕೆ ಅಲ್ಲಿ ನಕ್ಕಳು. ಕಣ್ಣೊರೆಸಿಕೊಂಡು ಹೇಳಿದಳು: "ನಿಮ್ಮ ದನಿ ಇಷ್ಟು ಮೆತ್ತಗಿದೆ ಅನ್ನೋದೇ ಮರೆತುಹೋಗಿತ್ತು."

ಹೊರಡುವಾಗ ಅವಳು ಚೀಲ ಎತ್ತಿಕೊಳ್ಳಲಿಲ್ಲ. "ಇನ್ನೊಂದು ನಾಲ್ಕು ದಿನ ಇಲ್ಲೇ ಇರ್ತೀನಿ ಕಣ್ರೀ. ಅಲ್ಲಿಗೆ ಬಂದ್ರೆ ಮತ್ತೆ ನೀವು ಕಿರುಚ್ತೀರಿ, ನಾನು ಹೂಂ ಅಂತೀನಿ." ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಈಗ ಪ್ರತಿ ಭಾನುವಾರ ಸೇತುವೆ ದಾಟುತ್ತೇನೆ, ಷಡ್ಡಕನಿಂದ ಮೈಕು ಎರವಲು ಪಡೆದು ನನ್ನ ಹೆಂಡತಿಯೊಡನೆ ಮಾತಾಡುತ್ತೇನೆ, ಸಂಜೆ ಬಿಚ್ಚಿಕೊಟ್ಟು ಬರುತ್ತೇನೆ. ನನ್ನ ದನಿಯನ್ನು ಅವನ ಮನೆಯಲ್ಲಿ ಅಡವಿಟ್ಟ ಹಾಗಿದೆ. ಅವನು ಬಾಗಿಲವರೆಗೂ ಬಂದು, "ಮುಂದಿನ ವಾರ ಬನ್ನಿ ಅಣ್ಣಾ" ಎನ್ನುತ್ತಾನೆ. ಆ "ಅಣ್ಣಾ" ಕೇಳಿದರೆ ಮೈ ಉರಿಯುತ್ತದೆ.

ಆದ್ದರಿಂದ ನನ್ನ ಬೇಡಿಕೆ. ಟ್ಯಾಕ್ಸಿಯವರು ಬಿಟ್ಟುಹೋದ ಆ ತರಂಗಾಂತರವನ್ನು ಕಿವಿ ಕೇಳದವರಿಗೆ ಕೊಡಿ. ಸೇತುವೆಯ ಕಪಾಟಿನಲ್ಲಿ ಕೂತಿರುವ ನಮ್ಮ ಮೈಕನ್ನು ವಾಪಸು ಕೊಡಿ. ಆಗುವುದಿಲ್ಲವೆಂದಾದರೆ, ಒಂದು ದಿನದ ಮಟ್ಟಿಗೆ ಅವಳನ್ನು ಕರೆತರುತ್ತೇನೆ. ತಾವೇ ನಮ್ಮ ಅಡುಗೆಮನೆಗೆ ಬಂದು, ಫ್ಯಾನು ತಿರುಗುತ್ತಿರುವಾಗ ಅವಳ ಎದುರು ನಿಂತು, ಯಾಕೆ ಆಗುವುದಿಲ್ಲವೆಂದು ತಿಳಿಸಿ ಹೇಳಿ. ಒಂದೇ ಷರತ್ತು: ಕಿರುಚಬಾರದು.

ಇಂತಿ,
ಈಚೆ ದಡದಲ್ಲಿ ಬಾಯಿಬಡುಕ, ಆಚೆ ದಡದಲ್ಲಿ ಭಾನುವಾರ ಮಾತ್ರ ಮೆಲುಮಾತಿನ ಗಂಡ,
ಒಬ್ಬ ಬೀಗ ರಿಪೇರಿಯವ