ಐವತ್ತೇಳನೇ ದಿನದ ಅರ್ಜಿ

ಗದಗ, ಮಾಘ ಮಾಸದ ಮೂವತ್ತೆಂಟನೇ ದಿನ, ಕ್ರಿ.ಶ. 2219

ವಿದ್ಯಾರ್ಥಿ ನೆರವಿನ ನಿಯಮಗಳ ಕರಡು ಬರೆಯುತ್ತ ಕುಳಿತಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈಗ ತಿಂಗಳಿಗೆ ನಲವತ್ತು ದಿನ. ಸಂಬಳ ಮಾತ್ರ ತಿಂಗಳಿಗೆ ಒಂದೇ ಸಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಹಿಂದಿನ ಕಾಲಕ್ಕೆ ಜೀವಮಾನದಲ್ಲಿ ಒಂದು ಪತ್ರ ಹಾಕಲು ನಮಗೆ ಅವಕಾಶವಿದೆ. ಬಹಳ ಜನ ತಮ್ಮ ಮುತ್ತಜ್ಜನಿಗೆ, ಇಂಥಲ್ಲಿ ಒಂದು ಸೈಟು ಹಿಡಿದಿಡಿ ಎಂದು ಬರೆಯುತ್ತಾರೆ. ನಾನು ನನ್ನ ಪಾಲಿನ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ. ಪ್ರೀತಿಯಿಂದಲ್ಲ.

ನನ್ನ ಹೆಸರು ಇಂದುಮತಿ ಹೊಂಬಳ. ಇಲ್ಲಿನ ಒಂದು ನರ್ಸಿಂಗ್ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಕಾಲದಲ್ಲಿ ಪಾಠ ನಿಲ್ಲುವುದು ಪಾಠಬೀಜದಲ್ಲಿ. ಎಳ್ಳಿನಷ್ಟು ಚಿಕ್ಕ ಕಾಳು, ಕಿವಿಯ ಹಿಂದೆ ಕೂರಿಸುತ್ತಾರೆ. ಮಾಸ್ತರು ಹೇಳಿದ್ದು, ಕೈಯಾರೆ ಮಾಡಿ ಕಲಿತದ್ದು ಎಲ್ಲ ಅದರಲ್ಲಿ ಉಳಿಯುತ್ತದೆ. ಉಳ್ಳವರು ಕೊಂಡುಕೊಳ್ಳುತ್ತಾರೆ, ಇಲ್ಲದವರಿಗೆ ಸರಕಾರ ನೆರವೆಂದು ಕೊಡುತ್ತದೆ. ಸೆಮಿಸ್ಟರಿಗೆ ನೂರು ದಿನ. ನೆರವು ಪಡೆದವರು ಅರವತ್ತು ದಿನ ಮುಗಿಸಿದರೆ ಅಲ್ಲಿಯವರೆಗೆ ಕಲಿತದ್ದು ಸ್ವಂತ. ಅದಕ್ಕೂ ಮೊದಲು ಕಾಲೇಜು ಬಿಟ್ಟರೆ ಬೀಜ ತೆಗೆಯುತ್ತಾರೆ, ಅದರ ಜೊತೆ ಆ ಸೆಮಿಸ್ಟರಿನ ಪಾಠವೂ ಹೋಗುತ್ತದೆ. ಇದಕ್ಕೆ ಇಳಿಸುವುದು ಎನ್ನುತ್ತೇವೆ. ನೋವಾಗುವುದಿಲ್ಲ, ಆಮೇಲೆ ಚಹಾ ಕೊಡುತ್ತಾರೆ. ನೀವು ಬರೆದದ್ದು ಒಂದೇ ಸಾಲು: ನಡುವೆ ಬಿಟ್ಟುಹೋದವರಿಂದ ನೆರವನ್ನು ವಾಪಸ್ ಪಡೆಯತಕ್ಕದ್ದು. ಬಡವರ ಹತ್ತಿರ ದುಡ್ಡು ಹುಟ್ಟದೆ ಹೋದಾಗ ನಮ್ಮವರು ಅದೇ ಸಾಲು ಹಿಡಿದು ಪಾಠಕ್ಕೇ ಕೈ ಹಾಕಿದರು.

ನೀಲಗಂಗಾ ನಮ್ಮ ಕಾಲೇಜಿನಲ್ಲಿ ನೆರವಿನ ಮೇಲೆ ಓದುತ್ತಿದ್ದವಳು. ತಾಯಿ ಗುರುಬಸವ್ವ ಬೆಟಗೇರಿಯಲ್ಲಿ ಮಗ್ಗ ನೇಯುತ್ತಿದ್ದಳು. ಅವರಿಬ್ಬರನ್ನು ಬಿಟ್ಟರೆ ಮನೆಯಲ್ಲಿ ಯಾರೂ ಇಲ್ಲ. ತಾಯಿಯ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಯವರು ಹೊಟ್ಟೆಗೊಂದು ನಳಿಕೆ ಕೂರಿಸಿದರು. ದಿನಕ್ಕೆ ನಾಲ್ಕು ಸಲ ಔಷಧದ ನೀರನ್ನು ಒಳಗೆ ಬಿಟ್ಟು ಹೊರಗೆ ತೆಗೆಯಬೇಕು. ಮನೆಯಲ್ಲಿ ನರ್ಸಿಂಗ್ ಓದುವ ಮಗಳಿದ್ದಾಳೆ, ನೋಡಿಕೊಳ್ಳುತ್ತಾಳೆ ಎಂದು ಚೀಟಿಯಲ್ಲಿ ಬರೆದು ಮನೆಗೆ ಕಳಿಸಿದರು. ಬರೆದದ್ದು ಸುಳ್ಳಲ್ಲ. ಅದೇ ಕೆಲಸವನ್ನು ಅವಳು ಅದೇ ಸೆಮಿಸ್ಟರಿನಲ್ಲಿ ಕಲಿತಿದ್ದಳು. ತಾಯಿಯನ್ನು ನೋಡಿಕೊಳ್ಳಲೆಂದೇ ಕಾಲೇಜು ಬಿಡುವ ಅರ್ಜಿ ಹಿಡಿದು ಬಂದಳು. ಅದು ಐವತ್ತೇಳನೇ ದಿನ.

ಈಗ ನನ್ನ ಹೆಚ್ಚುಗಾರಿಕೆ ಕೇಳಿ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದೇ ಒಂದು ಅರ್ಜಿಯೂ ನನ್ನ ಟೇಬಲ್ಲಿನ ಮೇಲೆ ರಾತ್ರಿ ಕಳೆದಿಲ್ಲ. ಅದಕ್ಕೆ ಪ್ರಶಸ್ತಿ ಪತ್ರ ಕೊಟ್ಟಿದ್ದಾರೆ, ಗೋಡೆಗೆ ತೂಗುಹಾಕಿದ್ದೇನೆ. ಪಕ್ಕದ ಟೇಬಲ್ಲಿನ ವೀರನಗೌಡರ ಅರ್ಜಿಗಳು ಊಟದ ಡಬ್ಬಿಯ ಕೆಳಗೆ ಹದಿನೈದು ದಿನ ಮಲಗಿರುತ್ತವೆ. ಅವರನ್ನು ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಕಾಲೇಜು ಬಿಟ್ಟ ದಿನವೆಂದು ಲೆಕ್ಕಕ್ಕೆ ಬರುವುದು ಗುಮಾಸ್ತರು ಮುದ್ರೆ ಒತ್ತಿದ ದಿನ. ನೀಲಗಂಗಾ ಅವರ ಟೇಬಲ್ಲಿಗೆ ಹೋಗಿದ್ದರೆ ಅರವತ್ತು ದಿನ ತಾನಾಗಿಯೇ ತುಂಬುತ್ತಿತ್ತು. ಅವಳು ನನ್ನ ಹತ್ತಿರ ಬಂದಳು.

"ಅವ್ವ ಒಬ್ಬಾಕೀನ ಅದಾಳ್ರಿ ಅಕ್ಕೋರ, ಲಗೂನ ಮಾಡಿ ಕೊಡ್ರಿ" ಎಂದಳು.

ಇನ್ನು ಮೂರು ದಿನ ಬಾಕಿ ಎಂದು ನನಗೆ ಗೊತ್ತಿತ್ತು. ಬೀಜ ಹೋದರೂ ಕೈಗೆ ಹತ್ತಿದ್ದು ಕೈಯಲ್ಲೇ ಉಳಿಯುತ್ತದೆ ಎಂದು ಅವಳು ನಂಬಿದ್ದಾಳೆಂಬುದೂ ಗೊತ್ತಿತ್ತು. ಎಲ್ಲರೂ ಹಾಗೆಯೇ ನಂಬಿರುತ್ತಾರೆ, ನಿಯಮದ ಹದಿನೇಳನೇ ಪುಟ ಯಾರೂ ಓದಿರುವುದಿಲ್ಲ. ಹೇಳುವುದು ನನ್ನ ಕೆಲಸವಲ್ಲ ಅಂದುಕೊಂಡೆ. ಮೂರು ಗಂಟೆಗೆ ಮುದ್ರೆ ಒತ್ತಿದೆ, ನಾಲ್ಕಕ್ಕೆ ಇಳಿಸಿದರು. ಅವಳು ನನಗೆ ಕೈಮುಗಿದು ಹೋದಳು.

ಆರನೇ ದಿನ ನೋಟ್‌ಬುಕ್ ಹಿಡಿದು ಮತ್ತೆ ಬಂದಳು. ಅಷ್ಟು ದಿನ ಅಂದಾಜಿನ ಮೇಲೆ ಮಾಡಿದ್ದಳಂತೆ. ಆವತ್ತು ಬೆಳಿಗ್ಗೆ ಹೊರಗೆ ಬಂದ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯದು. ಆಸ್ಪತ್ರೆಯಲ್ಲಿ ತಾಯಿಯನ್ನು ತೋರಿಸುವ ಪಾಳಿ ಬರಲು ಇನ್ನೂ ಹನ್ನೆರಡು ದಿನವಿತ್ತು.

"ಅಕ್ಷರ ನನ್ನವ ಅದಾವ್ರಿ. ಓದಿದ್ರ ಏನೂ ತಿಳೀವಲ್ದು. ನೀವರ ಒಂದ ಸಲ ಓದಿ ಹೇಳ್ರಿ."

ಇಳಿಸಿದ ಪಾಠ ತಾವೇ ಬರೆದಿಟ್ಟದ್ದಾದರೂ ಓದಿದರೆ ತಲೆಗೆ ಹತ್ತುವುದಿಲ್ಲ, ಅದನ್ನು ಯಾರಾದರೂ ಬಿಡಿಸಿ ಹೇಳಿಕೊಟ್ಟರೆ ಅವರ ಬೀಜವನ್ನೂ ಇಳಿಸುತ್ತಾರೆ. ಕಚೇರಿ ಕೆಲಸವೆಲ್ಲ ಇರುವ ನನ್ನ ಬೀಜ ಹೋದರೆ ಇಪ್ಪತ್ತಾರು ವರ್ಷದ ನೌಕರಿ ಹೋಗುತ್ತದೆ, ಪಿಂಚಣಿಗೆ ಎರಡೇ ವರ್ಷ ಉಳಿದಿತ್ತು. ನನಗೆ ಹೆದರಿಕೆಯಾಯಿತು. ಬೇರೆ ಕಾರಣ ಹೇಳಿ ನಿಮ್ಮ ಮುಂದೆ ಸಾಚಾ ಆಗುವ ಆಸೆ ನನಗಿಲ್ಲ. ಇಳಿಸಿದ ಪಾಠ ಹೇಳಿಸಿಕೊಳ್ಳಲು ಅನುಮತಿ ಕೋರುವ ಫಾರ್ಮು ಕೊಟ್ಟೆ. ನಿಂತಲ್ಲೇ ತುಂಬಿಕೊಟ್ಟಳು. ಅದನ್ನೂ ಅವತ್ತೇ ವಿಲೇವಾರಿ ಮಾಡಿದೆ: ತಿರಸ್ಕರಿಸಿದೆ.

ಅದಾದ ನಾಲ್ಕನೇ ದಿನ ಗುರುಬಸವ್ವ ತೀರಿಕೊಂಡಳು. ಮುಂದಿನ ವಾರ ನೀಲಗಂಗಾ ಬಂದಳು. ಅಳಲಿಲ್ಲ, ಬೈಯಲಿಲ್ಲ. ನೋಟ್‌ಬುಕ್ಕನ್ನು ನನ್ನ ಟೇಬಲ್ಲಿನ ಮೇಲಿಟ್ಟು, "ಇದೂ ನಿಮ್ಮ ಕಾಲೇಜಿಂದು ಇರಬೇಕ್ರಿ, ಇಟ್ಕೊಳ್ರಿ" ಎಂದು ಹೇಳಿ ಹೊರಟುಹೋದಳು.

ಅವಳು ಹೋದ ಮೇಲೆ ತೆರೆದೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ ಬರೆದುಕೊಂಡಿದ್ದಳು: ನೀರು ಮಬ್ಬಾದರೆ ಸೋಂಕು. ಪಾಳಿ ಕಾಯಬಾರದು. ಅದೇ ದಿನ ತುರ್ತು ವಿಭಾಗಕ್ಕೆ ಕರೆತರಬೇಕು. ನರ್ಸಿಂಗಿನ ಗಂಧವಿಲ್ಲದ ನನಗೂ ಅರ್ಥವಾಯಿತು. ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ನೆರವು ವಾಪಸ್ ಪಡೆಯುವ ನಿಮ್ಮ ಆ ಸಾಲನ್ನೇ ಹೊಡೆದುಹಾಕಿ ಎಂದರೆ ನೀವು ಕೇಳುವುದಿಲ್ಲ. ನಿಮ್ಮ ಕುರ್ಚಿಯಲ್ಲಿ ಕೂರುವವರನ್ನು ನಾನು ಬಹಳ ನೋಡಿದ್ದೇನೆ. ಹಾಗಾದರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಕಾಲೇಜು ಬಿಡುವವರ ಅರ್ಜಿಯನ್ನು ಹತ್ತು ದಿನ ಯಾರೂ ಮುಟ್ಟಕೂಡದು, ಆ ಹತ್ತು ದಿನದೊಳಗೆ ಯಾರಾದರೊಬ್ಬರು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಏನೇನು ಹೋಗುತ್ತದೆ ಎಂದು ಹೇಳತಕ್ಕದ್ದು. ನಿಮ್ಮ ಕಚೇರಿಯಲ್ಲೂ ನನ್ನಂಥ ಚುರುಕಿನವಳು ಒಬ್ಬಳು ಇದ್ದೇ ಇರುತ್ತಾಳೆ. ಎಲ್ಲರೂ ಅವಳನ್ನು ಹೊಗಳುತ್ತಿರುತ್ತಾರೆ. ಮೊದಲು ಅವಳ ಕೈಯಿಂದ ಮುದ್ರೆ ಕಿತ್ತುಕೊಳ್ಳಿ.

ಇಂದುಮತಿ ಹೊಂಬಳ