ಕೆಂಚನ ಎಡಗಿವಿ ಇನ್ನೂ ಒದ್ದೆ

ಲೇ ಜಗದಾ,

ನಿನ್ನ ಗಂಡ ಸಿರಾಕ್ಕೆ ಹೊರಟ. ತಿಂಡಿ ತಿಂದವ್ನೆ. ಯಾರೂ ಕೇಳದಿದ್ರೂ ತಾನೇ ಚೀಟಿ ಬರೆದು ಹೇಳ್ತಾನೆ.

ನಿನ್ನ ಮುದ್ದಿನ ನಾಯಿ ಕೆಂಚ ಮತ್ತೆ ಕೃಷಿಹೊಂಡಕ್ಕೆ ಹಾರಿ ಈಜಿ ಬಂದವ್ನೆ. ಅವನ ಹೊಡೆತಕ್ಕೆ ಹೊಂಡದ ಮೊಸಳೆ ಪಾವಗಡಕ್ಕೆ ಓಡೋಯ್ತು. ಇತ್ತಾ ಅಂತ ಕೇಳ್ಬೇಡ, ಈಗ ಇಲ್ಲವಲ್ಲ.

ಜೋತುಬಿದ್ದ ಕಿವಿ ಎತ್ತಿ ಒಣಬಟ್ಟೆಲಿ ಮೆತ್ತಗೆ ಒರೆಸು. ಒದ್ದೆ ಉಳಿದ್ರೆ ಮತ್ತೆ ಕೀವಾಗ್ತದೆ. ಒಳಕ್ಕೆ ಕಡ್ಡಿ ತೂರಿಸಬೇಡ. ದನದ ಡಾಕ್ಟ್ರು ಕೊಟ್ಟ ಕಿವಿ ತೊಳೆಯೋ ಔಷಧಿ ಫ್ರಿಜ್ ಮೇಲದೆ. ನಿಮ್ಮಮ್ಮ ಹೇಳಿದ್ರು ಅಂತ ಬೆಳ್ಳುಳ್ಳಿ ಎಣ್ಣೆ ಬಿಡಬೇಡ, ಹೋದ್ಸಲ ಬೈಸ್ಕೊಂಡಿದ್ದು ಸಾಕು. ತಲೆ ಒದರ್ತಾನೇ ಇದ್ರೆ, ಕಿವಿ ನಾತ ಬಂದ್ರೆ, ಡಾಕ್ಟ್ರಿಗೆ ಫೋನ್ ಮಾಡು.

ನಿನ್ನ ಗಂಡನ ಕಿವಿಗೆ ನೀರು ಹೋದಾಗ "ಒಂಟಿಕಾಲಲ್ಲಿ ಕುಣೀರಿ, ತಾನೇ ಬೀಳ್ತದೆ" ಅಂದೆ. ಕುಣಿದ. ನಾಯಿಗಾದ್ರೆ ತಲೇನ ತೊಡೆ ಮೇಲಿಟ್ಕೊಂಡು, ಸೆರಗಲ್ಲಿ ಒರೆಸಿ, "ನನ್ ರಾಜ" ಅಂತೀಯ. ಹೊಟ್ಟೆಕಿಚ್ಚಲ್ಲ ಕಣೇ. ಸೀರೆ ಹಾಳಾಗ್ತದಲ್ಲ ಅಂತ.

ಬಲಗಿವಿ ನಿನ್ನ ಗಂಡನೇ ಒರೆಸವ್ನೆ. ಎಡಗಿವಿ ಮುಟ್ಟಿಸಲಿಲ್ಲ ಆ ಮುಂಡೇದು. ನೀನು ಡೈರಿಗೆ ಹೋದ ದಾರಿ ನೋಡ್ತಾ ಬಾಗಿಲಲ್ಲಿ ಕೂತ. ಅವನ ಪಕ್ಕ ನಿನ್ನ ಗಂಡನೂ ಕೂತ. ಅದಕ್ಕೇ ಮೊದಲ ಬಸ್ಸು ತಪ್ಪಿದ್ದು.