ನೀರು ತುಂಬಿದ ಬಾಟಲಿ

ಬಾಲ್ತಸಾರ್,

ಅಡುಗೆಮನೆಗೆ ಕಾಲಿಡುವ ಮೊದಲು ಇದನ್ನು ಪೂರ್ತಿ ಓದು. ಬೆಳಿಗ್ಗೆ ಒಲೆಯ ಪಕ್ಕ, ನಾವು ಮನೆಯಲ್ಲೇ ಮಾಡಿದ ಬಿಯರ್‌ನ ಬಾಟಲಿಯೊಂದು ಸಿಡಿದು ಅಮ್ಮನ ಅಂಗೈ ಸೀಳಿದೆ. ಹೊಲಿಗೆ ಹಾಕಿಸಲು ಎಲ್ ಬೋಲ್ಸೋನ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಅಷ್ಟು ಗಾಜಿನ ಬಾಟಲಿಗಳ ನಡುವೆ ಒಂದೇ ಒಂದು ಪ್ಲಾಸ್ಟಿಕ್ ಬಾಟಲಿಗೂ ಬಿಯರ್ ತುಂಬಿಸಿದ್ದು ಯಾಕೆಂದು ನಿನಗೆ ಗೊತ್ತಿತ್ತು. ಹಿಸುಕಿದಾಗ ಅದು ಕಲ್ಲಿನಂತಿದ್ದರೆ ಗಾಜಿನವುಗಳಲ್ಲೂ ಗ್ಯಾಸ್ ತುಂಬಿದೆ ಎಂದು ಲೆಕ್ಕ. ಭಾನುವಾರ ಕೆಂಡದ ಮೇಲೆ ಸುಟ್ಟ ಅಸಾದೋ ಮಾಂಸದ ಜೊತೆ ನೀನು ಅದನ್ನೇ ಕುಡಿದೆ. ಹೋಗಲಿ, ಕುಡಿದೆ. ನೀರು ತುಂಬಿಸಿ ಮತ್ತೆ ಅಲ್ಲೇ ಯಾಕೆ ಇಟ್ಟೆ? ನಾನು ದಿನಾ ಅದನ್ನು ಹಿಸುಕಿ ನೋಡಿದೆ, ಮೆತ್ತಗೇ ಇತ್ತು. ಚಳಿಗೆ ಹುದುಗುತ್ತಿಲ್ಲ ಎಂದುಕೊಂಡು ಎಲ್ಲವನ್ನೂ ಒಲೆಯ ಪಕ್ಕಕ್ಕೆ ತಂದಿಟ್ಟವಳು ನಾನೇ. ಇವತ್ತು ಗಾಜು ಸಿಡಿದ ಮೇಲೆ ಅದರ ಮುಚ್ಚಳ ತೆಗೆದು ಮೂಸಿದೆ, ಬರೀ ನೀರು.

ಒಲೆ ಆರಿಸಿ, ಕಿಟಕಿ ತೆರೆದು, ಬಾಟಲಿಗಳ ಮೇಲೆ ಒದ್ದೆ ಕಂಬಳಿ ಹೊದಿಸಿದ್ದೇನೆ. ಒಲೆ ಹಚ್ಚಬೇಡ. ಕಂಬಳಿ ಎತ್ತಬೇಡ. ನಾಯಿಯನ್ನು ಹೊರಗೆ ಕಟ್ಟು. ನಾಳೆ ಎಲ್ಲ ತಣ್ಣಗಾದ ಮೇಲೆ ನಿನ್ನ ವೆಲ್ಡಿಂಗ್ ಮುಖವಾಡ, ದಪ್ಪ ಕೈಗವಸು ಹಾಕಿಕೊಂಡು ಅಂಗಳದಲ್ಲಿ ಒಂದೊಂದೇ ಮುಚ್ಚಳ ಸಡಿಲಿಸುವವನು ನೀನು. ಹಸಿವಾದರೆ ಪಕ್ಕದ ಮನೆಯ ರಮೋನಾ ಅತ್ತೆ ಎಂಪನಾಡ ಕೊಡುತ್ತಾಳೆ.

ಅಮ್ಮ ಕೈಗೆ ಟವೆಲ್ ಸುತ್ತಿಕೊಂಡು, "ನಿನ್ ಬುದ್ಧಿ ಎಲ್ಲಿಟ್ಟಿದ್ಯೇ? ನನ್ ಮಗ ಮನೇಲಿದ್ದಿದ್ರೆ ಒಲೆ ಹತ್ರ ಇಡೋಕ್ ಬಿಡ್ತಿರ್ಲಿಲ್ಲ" ಅನ್ನುತ್ತಿದ್ದಾಳೆ. ನೀರಿನ ವಿಷಯ ಅವಳಿಗೆ ನಾನಿನ್ನೂ ಹೇಳಿಲ್ಲ. ಈ ಚೀಟಿ ಹಾರದಂತೆ ಮೇಲೆ ಇಟ್ಟಿರುವುದು ಅದೇ ನೀರಿನ ಬಾಟಲಿ. ನಾವು ಬರುವಾಗ ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿರು. ಉಳಿದದ್ದನ್ನು ಅವಳಿಗೆ ನೀನೇ ಹೇಳು.

ನಿನ್ನ ಅಕ್ಕ,
ಇರ್ಮಾ